ಪೇಟೆ ಮನೆಯಿಂದ ತೋಟದ ಮನೆಗೆ 6.2 ಕಿ.ಮೀ. ವೈರ್‌ಲೆಸ್ ಲಿಂಕ್: ಯಾವ ರೇಡಿಯೊ ತಗೊಳ್ಳೋದು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲೂಕು. ಪೇಟೆ ಅಂಚಿನಲ್ಲಿರೋ ಭಾವನ ಮನೆಗೆ 100 ಎಂಬಿಪಿಎಸ್ ಫೈಬರ್ ಇದೆ. ತೋಟದ ಮನೆಗೆ ಫೈಬರ್ ಎಳೆಯೋಕೆ ನಡುವೆ ಕಾಡು ಅಡ್ಡ, ಮೊಬೈಲ್ ಸಿಗ್ನಲ್ ಅಂಗಳಕ್ಕೆ ಬಂದರೆ ಒಂದು ಕಡ್ಡಿ. ಹಾಗಾಗಿ 5 ಗಿಗಾಹರ್ಟ್ಸ್‌ನಲ್ಲಿ ನೇರ ಲಿಂಕ್ ಹಾಕೋ ಯೋಚನೆ. ವಿವರ ಹೀಗಿದೆ:

ದೂರ 6.2 ಕಿ.ಮೀ. ಭಾವನ ಮನೆ ನೆಲ 655 ಮೀ., ಟೆರೇಸ್ ಮತ್ತು ಪೈಪ್ ಸೇರಿ ಅಲ್ಲಿ 12 ಮೀ. ಎತ್ತರ ಸಿಗುತ್ತೆ. ತೋಟದ ಮನೆ ನೆಲ 690 ಮೀ., ಹಳೇ ಟಿವಿ ಆಂಟೆನಾ ಪೈಪ್ 9 ಮೀ. ಇದೆ. ಭಾವನ ಮನೆಯಿಂದ 3.9 ಕಿ.ಮೀ. ದೂರದಲ್ಲಿ ಒಂದು ಗುಡ್ಡ, ನೆಲ 668 ಮೀ., ಅದರ ಮೇಲಿನ ಕಾಡುಮರ ಸುಮಾರು 18 ಮೀ. ಭಾವನ ಮನೆಯ ಪೈಪಿನ ತುದಿಗೆ ಕೆಂಪು ಬಟ್ಟೆ ಕಟ್ಟಿ ಈ ಕಡೆ ಪೈಪ್ ಎತ್ತರದಿಂದ ದುರ್ಬೀನಿನಲ್ಲಿ ನೋಡಿದರೆ ಮರದ ನೆತ್ತಿಗೆ ತಾಗಿದ ಹಾಗೆ ಬಟ್ಟೆ ಕಾಣುತ್ತೆ.

ಬಳಕೆ: ಮೂರು ಸಿಸಿಟಿವಿ ಕ್ಯಾಮೆರಾ, ಒಬ್ಬರ ಆಫೀಸ್ ವಿಡಿಯೊ ಮೀಟಿಂಗ್, ವಾಟ್ಸಾಪ್ ಕಾಲ್. ಅಂಗಡಿಯವರು ಟಿಪಿ-ಲಿಂಕ್ ಸಿಪಿಇ510 ಸಾಕು ಅಂತಾರೆ, ಇನ್ನೊಬ್ಬರು ಯುಬಿಕ್ವಿಟಿ ಪವರ್‌ಬೀಮ್, ಮತ್ತೊಬ್ಬರು ಮೈಕ್ರೋಟಿಕ್ ಎಲ್‌ಎಚ್‌ಜಿ. ಎಲ್ಲಾ ಸೇರಿ 30 ಸಾವಿರದ ಒಳಗೆ ಮುಗಿಸಬೇಕು. ಯಾವುದು ತಗೊಳ್ಳಲಿ?

---

ಮಲೆನಾಡ್_ಲಿಂಕ್

ಸರ್, ಇಷ್ಟು ಅಂಕಿ ಕೊಟ್ಟು ಕೇಳಿದ್ದಕ್ಕೆ ಧನ್ಯವಾದ. ಆದರೆ ರೇಡಿಯೊ ಹೆಸರಿಗೆ ಈಗಲೇ ಹೋಗಬೇಡಿ. ಈಗಿರುವ ಎತ್ತರದಲ್ಲಿ ಯಾವ ಕಂಪನಿ ಡಿಶ್ ಹಾಕಿದರೂ ನಿಮ್ಮ ಲಿಂಕ್ ಸರಿಯಾಗಿ ನಿಲ್ಲೋದಿಲ್ಲ.

ಕಣ್ಣಿಗೆ ಕಂಡರೆ ಸಾಲದು. ಎರಡು ಡಿಶ್ ನಡುವೆ ರೇಡಿಯೊ ಅಲೆ ಹೋಗೋದು ದಾರದ ಹಾಗೆ ಅಲ್ಲ. ನಡುವೆ ಉಬ್ಬಿ ತುದಿಗಳಲ್ಲಿ ಚೂಪಾಗುವ ಸೌತೆಕಾಯಿಯ ಆಕಾರದ ಜಾಗ ಅದಕ್ಕೆ ಬೇಕು. ಫ್ರೆನೆಲ್ ಜೋನ್ ಅನ್ನೋದು ಅದನ್ನೇ. ಲೆಕ್ಕ ಸುಲಭ: ಅಡ್ಡ ಇರುವ ಜಾಗಕ್ಕೆ ಎರಡೂ ತುದಿಯಿಂದ ಇರುವ ದೂರಗಳನ್ನು ಕಿ.ಮೀ.ನಲ್ಲಿ ಗುಣಿಸಿ. ಅದನ್ನು ಒಟ್ಟು ದೂರ ಮತ್ತು ಗಿಗಾಹರ್ಟ್ಸ್ ಎರಡರ ಗುಣಲಬ್ಧದಿಂದ ಭಾಗಿಸಿ. ಬಂದದ್ದರ ವರ್ಗಮೂಲವನ್ನು 17.32ರಿಂದ ಗುಣಿಸಿದರೆ ತ್ರಿಜ್ಯ ಮೀಟರಿನಲ್ಲಿ ಸಿಗುತ್ತೆ.

ನಿಮ್ಮ ಗುಡ್ಡಕ್ಕೆ: 3.9 × 2.3 = 8.97. 5.8 × 6.2 = 35.96. ತ್ರಿಜ್ಯ ಸುಮಾರು 8.65 ಮೀ. ಅದರಲ್ಲಿ ನೂರಕ್ಕೆ 60 ಭಾಗವಾದರೂ ಖಾಲಿ ಇರಬೇಕು, ಅಂದರೆ 5.2 ಮೀ.

ಈಗ ಎರಡು ಡಿಶ್ ನಡುವಿನ ನೇರ ಗೆರೆಯ ಎತ್ತರ. ಆ ಕಡೆ 655 + 12 = 667. ಈ ಕಡೆ 690 + 9 = 699. ಗುಡ್ಡದ ಮೇಲೆ ಗೆರೆ ಹಾಯೋದು 687.1 ಮೀ.ನಲ್ಲಿ. ಮರದ ನೆತ್ತಿ 686, ಭೂಮಿ ದುಂಡಗಿರೋದರಿಂದ ಬರುವ ಉಬ್ಬು ಅರ್ಧ ಮೀಟರ್, ಒಟ್ಟು 686.5. ಉಳಿದ ತೆರಪು ಬರೀ 60 ಸೆಂ.ಮೀ.! ಬಟ್ಟೆ ಮರಕ್ಕೆ ತಾಗಿದ ಹಾಗೆ ಕಂಡಿದ್ದಕ್ಕೆ ಇದೇ ಕಾರಣ. ಬೇಸಿಗೆಯಲ್ಲಿ ಲಿಂಕ್ ಕಟ್ಟುತ್ತೆ, ನೀವು ಖುಷಿಯಾಗ್ತೀರಿ. ಜೂನ್‌ನಲ್ಲಿ ಚಿಗುರು ಬಂದು ಎಲೆ ನೆನೆದ ಮೇಲೆ ದಿನಕ್ಕೆ ಹತ್ತು ಸಲ ಬೀಳುತ್ತೆ. ಆಗ ಎಲ್ಲರೂ ದೂರೋದು ಮಳೆಯನ್ನು, ನೀರು ತೊಟ್ಟಿಕ್ಕೋ ಎಲೆಯನ್ನಲ್ಲ.

ಇನ್ನೂ 4.6 ಮೀ. ಬೇಕು. ಎತ್ತರಿಸೋದು ಎಲ್ಲಿ ಅನ್ನೋದು ಮುಖ್ಯ. ಗುಡ್ಡ ನಿಮ್ಮ ತೋಟದ ಕಡೆಗೆ ಹತ್ತಿರ. ತೋಟದಲ್ಲಿ 1 ಮೀ. ಏರಿಸಿದರೆ ಗುಡ್ಡದ ಮೇಲೆ 63 ಸೆಂ.ಮೀ. ಸಿಗುತ್ತೆ, ಭಾವನ ಮನೆಯಲ್ಲಿ ಏರಿಸಿದರೆ ಬರೀ 37. ಹಾಗಾಗಿ ಖರ್ಚು ಮಾಡಬೇಕಾದ್ದು ತೋಟದ ಕಡೆ. ಮನೆ ಹಿಂದೆ ಎತ್ತರದ ಜಾಗ ಏನಾದರೂ ಇದೆಯಾ?

ಇನ್ನೊಂದು ಮಾತು. ಆನ್‌ಲೈನ್ ನಕ್ಷೆಗಳ ಎತ್ತರ ನಮ್ಮ ಕಾಡಿನ ಜಾಗದಲ್ಲಿ ಹಲವು ಮೀಟರ್ ಹೆಚ್ಚುಕಮ್ಮಿ ಇರುತ್ತೆ, ಕೆಲವು ಕಡೆ ಮರದ ತಲೆಯನ್ನೇ ನೆಲ ಅಂತ ಲೆಕ್ಕ ಹಿಡಿದಿರುತ್ತೆ. ಬಿಸಿಲಿರುವಾಗ ಆ ಕಡೆಯಿಂದ ಒಬ್ಬರು ಕನ್ನಡಿ ಹೊಳೆಯಿಸಲಿ, ಈ ಕಡೆ ನೀವು ನಿಂತ ಎತ್ತರ ಅಳೆಯುತ್ತಾ ಹೋಗಿ. ಹೊಳಪು ಮೊದಲು ಕಂಡ ಎತ್ತರವೇ ನಿಜವಾದ ಗೆರೆ. ಗುಡ್ಡದ ಮೇಲೆ ಬೇಕಾದ ತೆರಪು ಸಿಗುವಷ್ಟು ಅಲ್ಲಿಂದ ಮೇಲೆ ಏರಿಸಿ.

---

ಡಿಬಿಎಂ

ಎತ್ತರದ ವಿಷಯ ಮೇಲೆ ಬಂದಿದೆ, ಅದು ಸರಿಹೋದರೆ ಅನ್ನೋ ಲೆಕ್ಕದಲ್ಲಿ ನಾನು ರೇಡಿಯೊ ಬಗ್ಗೆ ಹೇಳ್ತೀನಿ.

ಮೊದಲು ಕಾನೂನು, ಯಾಕಂದರೆ ಲೆಕ್ಕ ಅಲ್ಲಿಂದಲೇ ಶುರು. 2018ರ ಅಕ್ಟೋಬರ್ ಅಧಿಸೂಚನೆಯಿಂದ 5 ಗಿಗಾಹರ್ಟ್ಸ್‌ನಲ್ಲಿ ಒಟ್ಟು 605 ಮೆಗಾಹರ್ಟ್ಸ್ ನಮ್ಮಲ್ಲಿ ಪರವಾನಗಿ ಇಲ್ಲದೆ ಬಳಸಬಹುದು. ಹೊರಾಂಗಣ ಲಿಂಕಿಗೆ ಒಗ್ಗೋದು 5725ರಿಂದ 5875 ಮೆಗಾಹರ್ಟ್ಸ್. ಅಲ್ಲಿ ಡಿಶ್‌ನಿಂದ ಹೊರಬೀಳುವ ಒಟ್ಟು ಶಕ್ತಿ, ಅಂದರೆ ರೇಡಿಯೊ ಪವರ್ (ಅಳತೆ ಡಿಬಿಎಂ) ಮತ್ತು ಡಿಶ್ ಗೇನ್ (ಶಕ್ತಿಯನ್ನು ಒಂದೇ ದಿಕ್ಕಿಗೆ ಕೂಡಿಸುವ ಪ್ರಮಾಣ, ಅಳತೆ ಡಿಬಿಐ) ಕೂಡಿಸಿ, 36 ಡಿಬಿಎಂ ಮೀರಬಾರದು. 25 ಡಿಬಿಐ ಡಿಶ್ ಹಾಕಿದರೆ ರೇಡಿಯೊ ಪವರ್ 11 ಡಿಬಿಎಂ. ಅಮೆರಿಕದ ವಿಡಿಯೊಗಳಲ್ಲಿ ದೊಡ್ಡ ಡಿಶ್‌ಗೆ ಪೂರ್ತಿ ಪವರ್ ಕೊಡೋದನ್ನು ನೋಡಿರ್ತೀರಿ. ಅಲ್ಲಿ 5.8ರ ಸ್ಥಿರ ಲಿಂಕಿಗೆ ಬೇರೆ ನಿಯಮ, ಆ ಅಂಕಿ ಇಲ್ಲಿಗೆ ತರಬೇಡಿ. ರೇಡಿಯೊದಲ್ಲಿ ದೇಶ ಇಂಡಿಯಾ ಅಂತಲೇ ಇಡಿ.

ಹಾಗಾದರೆ ದೊಡ್ಡ ಡಿಶ್‌ನಿಂದ ಲಾಭ ಏನು? ಕೇಳಿಸಿಕೊಳ್ಳೋದರಲ್ಲಿ. ಕಳಿಸೋದಕ್ಕೆ ಮಿತಿ ಇದೆ, ಕೇಳೋದಕ್ಕೆ ಇಲ್ಲ. ಜೊತೆಗೆ ಕಿರಿದಾದ ಬೀಮ್ ಅಕ್ಕಪಕ್ಕದ ಗದ್ದಲವನ್ನು ಒಳಗೆ ಬಿಡೋದಿಲ್ಲ.

6.2 ಕಿ.ಮೀ.ಗೆ 5800 ಮೆಗಾಹರ್ಟ್ಸ್‌ನಲ್ಲಿ ಗಾಳಿಯಲ್ಲಿ ಕಳೆಯೋದು 123.6 ಡಿಬಿ. ಎದುರಿಗೆ ತಲುಪೋದು 36 − 123.6 + ಆ ಕಡೆ ಡಿಶ್ ಗೇನ್ (ಮೈನಸ್ ಅಂಕಿ ಸೊನ್ನೆಗೆ ಹತ್ತಿರ ಇದ್ದಷ್ಟೂ ಸಿಗ್ನಲ್ ಜೋರು):

ಸಿಪಿಇ510, 13 ಡಿಬಿಐ: −74.6 ಡಿಬಿಎಂ
ಲೈಟ್‌ಬೀಮ್ 5ಎಸಿ ಜೆನ್2 ಅಥವಾ ಸಿಪಿಇ710, 23 ಡಿಬಿಐ: −64.6
ಪವರ್‌ಬೀಮ್ 5ಎಸಿ ಜೆನ್2, 25 ಡಿಬಿಐ: −62.6
ಎಲ್‌ಎಚ್‌ಜಿ ಎಕ್ಸ್‌ಎಲ್ 5 ಎಸಿ, 27 ಡಿಬಿಐ: −60.6

ಸಿಪಿಇ510 ಒಳ್ಳೆಯ ಪೆಟ್ಟಿಗೆಯೇ, ಆದರೆ ಒಂದೆರಡು ಕಿ.ಮೀ.ಗೆ. ಅಡ್ಡಲಾಗಿ 45 ಡಿಗ್ರಿ ಅಗಲಕ್ಕೆ ಕಿವಿ ತೆರೆದಿರುವುದರಿಂದ ಪೇಟೆಯ ವೈಫೈ ಗದ್ದಲವೆಲ್ಲ ಒಳಗೆ ಬರುತ್ತೆ, ಪೋರ್ಟ್ ಕೂಡ 100 ಎಂಬಿಪಿಎಸ್. ನಿಮ್ಮ ದೂರಕ್ಕೆ ಬೇಡ.

40 ಮೆಗಾಹರ್ಟ್ಸ್ ಅಗಲದಲ್ಲಿ 64 ಕ್ವಾಮ್‌ನ (ಒಂದೇ ಸಲಕ್ಕೆ ಹೆಚ್ಚು ಮಾಹಿತಿ ತುಂಬಿ ಕಳಿಸೋ ವಿಧಾನ) ಮೇಲಿನ ದರಕ್ಕೆ ಸುಮಾರು −72 ಬೇಕು. ಪವರ್‌ಬೀಮ್‌ನಲ್ಲಿ ಅದರ ಮೇಲೆ 9-10 ಡಿಬಿ ಮಿಗುತ್ತೆ. ಲಿಂಕ್ ದರ 300 ಎಂಬಿಪಿಎಸ್ ತೋರಿಸುತ್ತೆ, ಕೈಗೆ ಬರೋದು ಎರಡೂ ದಿಕ್ಕು ಸೇರಿ ಅರ್ಧಕ್ಕಿಂತ ಸ್ವಲ್ಪ ಮೇಲೆ. ನಿಮ್ಮ 100ಕ್ಕೆ ಧಾರಾಳ. 80 ಮೆಗಾಹರ್ಟ್ಸ್ ಆಸೆ ಬೇಡ. ಅಗಲ ದುಪ್ಪಟ್ಟಾದಾಗೆಲ್ಲ ಗದ್ದಲ 3 ಡಿಬಿ ಏರುತ್ತೆ, ಖಾಲಿ ಜಾಗವೂ ಸಿಗೋದಿಲ್ಲ. ಮೂರು 2 ಮೆಗಾಪಿಕ್ಸೆಲ್ ಕ್ಯಾಮೆರಾ ಎಚ್.265ರಲ್ಲಿ (ವಿಡಿಯೊ ಕುಗ್ಗಿಸುವ ವಿಧಾನ) ಒಟ್ಟು 6 ಎಂಬಿಪಿಎಸ್ ಆಸುಪಾಸು, ಅದಕ್ಕೆ ಹೆದರಬೇಡಿ.

ನನ್ನ ಆಯ್ಕೆ: ಪವರ್‌ಬೀಮ್ ಅಥವಾ ಎಲ್‌ಎಚ್‌ಜಿ ಎಕ್ಸ್‌ಎಲ್, ಎರಡೂ ಕಡೆ ಒಂದೇ ಮಾದರಿ. ಗಾಳಿ ಜೋರಿರುವ ತೋಟದ ಕಂಬಕ್ಕೆ ಎಲ್‌ಎಚ್‌ಜಿಯ ಜಾಳಿಗೆ ಡಿಶ್ ಹಗುರ, ಗಾಳಿಗೆ ಕಡಿಮೆ ಸಿಗುತ್ತೆ. ಸೆಟ್ಟಿಂಗ್ ಅಭ್ಯಾಸ ಇಲ್ಲದವರಿಗೆ ಪವರ್‌ಬೀಮ್ ಸಲೀಸು. ಇವೆರಡರಲ್ಲಿ ಯಾವುದು ತಗೊಂಡರೂ ತಪ್ಪಲ್ಲ.

60 ಗಿಗಾಹರ್ಟ್ಸ್ ತಗೊಳ್ಳಿ ಅಂತ ಯಾರಾದರೂ ಹೇಳಿದರೆ: ನಮ್ಮಲ್ಲಿ ಅದು ಪರವಾನಗಿ ಮುಕ್ತ ಅಲ್ಲ, ಮೇಲಾಗಿ ಗಂಟೆಗೆ 100 ಮಿ.ಮೀ. ಮಳೆಯಲ್ಲಿ ಕಿ.ಮೀ.ಗೆ 25 ಡಿಬಿಗೂ ಹೆಚ್ಚು ನುಂಗುತ್ತೆ. 5.8ರಲ್ಲಿ ಅದೇ ಮಳೆಗೆ ಕಿ.ಮೀ.ಗೆ 1 ಡಿಬಿ ಒಳಗೇ ಇರುತ್ತೆ. 2.4 ಕೂಡ ಬೇಡ, ಗದ್ದಲ ವಿಪರೀತ, ಫ್ರೆನೆಲ್ ಜಾಗವೂ ಒಂದೂವರೆ ಪಟ್ಟು ದಪ್ಪ.

---

ತುಂಗಾತೀರ

ಇಬ್ಬರಿಗೂ ತುಂಬಾ ಧನ್ಯವಾದ, ಸರ್. ಮನೆ ಹಿಂದೆ ನೀರಿನ ಟ್ಯಾಂಕ್ ಇರೋ ದಿಬ್ಬ ಇದೆ, ಮನೆ ನೆಲಕ್ಕಿಂತ 12 ಮೀ. ಎತ್ತರ, 70 ಮೀ. ದೂರ. ಅಲ್ಲಿ ಕರೆಂಟ್ ಇಲ್ಲ. ಮುಂದೆ ಇಳಿಜಾರಿನಲ್ಲಿ ಅಡಿಕೆ ಮರ ಇದೆ. ಅಲ್ಲಿ ಕಂಬ ನಿಲ್ಲಿಸಿದರೆ ಆಗುತ್ತಾ? ಇನ್ನೊಂದು, ಸ್ನೇಹಿತರ ಹತ್ತಿರ ಹಳೇ ಲೈಟ್‌ಬೀಮ್ ಎಂ5 ಇದೆ, ಒಂದು ಕಡೆಗೆ ಅದನ್ನೇ ಹಾಕಿದರೆ ಖರ್ಚು ಉಳಿಯುತ್ತಾ?

---

ಮಲೆನಾಡ್_ಲಿಂಕ್

ದಿಬ್ಬವೇ ನಿಮ್ಮ ಉತ್ತರ. 702 + 9 ಮೀ. ಕಂಬ = 711. ಗುಡ್ಡದ ಮೇಲೆ ಗೆರೆ 694.7ಕ್ಕೆ ಏರುತ್ತೆ, ತೆರಪು 8.2 ಮೀ. ಬೇಕಾದ್ದು 5.2, ಮರ ಬೆಳೆಯೋಕೆ 3 ಮೀ. ಉಳೀತು. 6 ಮೀ. ಕಂಬ ಹಾಕಿದರೂ ಲೆಕ್ಕಕ್ಕೆ ಸರಿಹೋಗುತ್ತೆ, ಆದರೆ ಉಳಿಯೋದು ಒಂದೇ ಮೀಟರ್. ಮೂರ್ನಾಲ್ಕು ವರ್ಷಕ್ಕೆ ಕಾಡುಮರ ಅದನ್ನು ತಿಂದುಬಿಡುತ್ತೆ. 9 ಮೀ. ಹಾಕಿ.

ಹತ್ತಿರದ ಅಡಿಕೆ ಮರಕ್ಕೆ ಅಷ್ಟು ಜಾಗ ಬೇಡ. ಕಂಬದಿಂದ 100 ಮೀ. ದೂರದಲ್ಲಿ ಸೋಗೆ ತುದಿಗಿಂತ ಗೆರೆ ಒಂದೂವರೆ ಮೀಟರ್ ಮೇಲಿದ್ದರೆ ಸಾಕು. ಗಾಳಿಗೆ ತಲೆ ತೂಗುವಾಗಲೂ ಅಷ್ಟಿರಬೇಕು ಅನ್ನೋದು ನೆನಪಿರಲಿ.

ಎಂ5 ಬೇಡ. ಅದರ ಪೋರ್ಟ್ 100 ಎಂಬಿಪಿಎಸ್, ತಲೆಮಾರೂ ಹಳೆಯದು. ಹೊಸದರ ಜೊತೆ ಜೋಡಿಸಿದರೆ ಲಿಂಕ್ ನಿಧಾನವಾದದ್ದರ ಮಟ್ಟಕ್ಕೆ ಇಳಿಯುತ್ತೆ. ಒಂದು ಕೆಟ್ಟರೆ ಇನ್ನೊಂದು ಕಡೆಯದನ್ನು ತಂದು ಪರೀಕ್ಷಿಸಿ ನೋಡೋಕೂ ಎರಡೂ ಒಂದೇ ಇರಬೇಕು.

---

ಗಾಳಿಕಂಬ

ನಿಮ್ಮ 30 ಸಾವಿರದಲ್ಲಿ ಅರ್ಧ ಹಣ ಕಂಬ, ಕೇಬಲ್, ಅರ್ತಿಂಗ್‌ಗೆ ಅಂತ ಈಗಲೇ ಬೇರೆ ಎತ್ತಿಡಿ ಸರ್. ಮಲೆನಾಡಿನಲ್ಲಿ ಲಿಂಕ್ ಸಾಯೋದು ರೇಡಿಯೊದಿಂದ ಅಲ್ಲ, ಈ ಮೂರರಿಂದ.

ಕಂಬ: ಜಿಐ ಪೈಪ್ ಬಿ ಕ್ಲಾಸ್, ಕೆಳಗೆ 2 ಇಂಚು 6 ಮೀ., ಮೇಲೆ ಒಂದೂವರೆ ಇಂಚು 4 ಮೀ., ಒಂದರೊಳಗೊಂದು 1 ಮೀ. ಇಳಿಸಿದರೆ 9 ಮೀ. ಒಳಪೈಪಿಗೆ ವ್ಯಾಸದಲ್ಲಿ ಒಟ್ಟು ನಾಲ್ಕೈದು ಮಿ.ಮೀ. ಸಂದಿ ಉಳಿಯುತ್ತೆ. ಹಾಗೇ ಬಿಟ್ಟರೆ ಮೇಲಿನ ತುಂಡು ಗಾಳಿಗೆ ಅಲ್ಲಾಡಿ ಡಿಶ್ ದಿಕ್ಕು ತಪ್ಪುತ್ತೆ. ಸಂದಿಗೆ ತಗಡಿನ ಪಟ್ಟಿ ಸುತ್ತಿ ಇಳಿಸಿ, ಅಡ್ಡಡ್ಡ ಎರಡು ಬೋಲ್ಟ್ ಆರುಪಾರು ಹಾಕಿ. ಸ್ಟೇ ವೈರ್ ಮೂರು ದಿಕ್ಕಿಗೆ, ಎರಡು ಎತ್ತರದಲ್ಲಿ, ಟರ್ನ್‌ಬಕಲ್ ಜೊತೆ. ಬುಡ ಕಾಂಕ್ರೀಟ್, ಪೈಪಿನ ಬಾಯಿಗೆ ಮುಚ್ಚಳ. ಮುಚ್ಚಳ ಮರೆತರೆ ಒಳಗೆ ನೀರು ನಿಂತು ಬುಡದಲ್ಲೇ ತುಕ್ಕು ಹಿಡಿಯುತ್ತೆ.

ಕೇಬಲ್: ದಿಬ್ಬ, ಕಂಬ, ಮನೆಯೊಳಗೆ ಎಲ್ಲಾ ಸೇರಿ 90 ಮೀ. ಹತ್ತಿರ ಆಗುತ್ತೆ. 100ರ ಮಿತಿಯೊಳಗಿದೆ, ಆದರೆ ಅಂಚಿನಲ್ಲಿದೆ. ಹಾಗಾಗಿ ಕೇಬಲ್ ಶುದ್ಧ ತಾಮ್ರದ್ದೇ ಇರಬೇಕು. ಹೊರಾಂಗಣದ ಕಪ್ಪು ಕವಚ, ಶೀಲ್ಡ್ ಇರುವ ಕ್ಯಾಟ್6. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಅರ್ಧ ಬೆಲೆಗೆ ಸಿಗುತ್ತೆ, ಪೆಟ್ಟಿಗೆ ಮೇಲೆ ಕ್ಯಾಟ್6 ಅಂತಲೇ ಬರೆದಿರುತ್ತೆ. ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಒಂದು ಎಳೆಯ ತುದಿ ಸುಲಿದು ಬ್ಲೇಡಿನಿಂದ ತಂತಿಯನ್ನೇ ಕೆರೆಯಿರಿ. ಕೆರೆದಷ್ಟೂ ಕೆಂಪಾಗಿದ್ದರೆ ತಾಮ್ರ. ಒಳಗಿನಿಂದ ಬೆಳ್ಳಗೆ ಹೊಳೆದರೆ ಸುರುಳಿ ವಾಪಸ್ ಕೊಡಿ. ತಂತಿಯನ್ನು ಐದಾರು ಸಲ ಅತ್ತಿತ್ತ ಮಡಚಿ ನೋಡಿ, ಅಲ್ಯೂಮಿನಿಯಂ ಬೇಗ ತುಂಡಾಗುತ್ತೆ.

ಇದು ಯಾಕೆ ಮುಖ್ಯ? ರೇಡಿಯೊ ನಡೆಸುವ 24 ವೋಲ್ಟ್ ಕರೆಂಟೂ ಮನೆಯಿಂದ ಇದೇ ಕೇಬಲ್ಲಿನಲ್ಲಿ ಹೋಗಬೇಕು. 90 ಮೀ.ಗೆ ಎರಡು ಜೊತೆ ತಾಮ್ರದ ತಂತಿಯಲ್ಲಿ ಹೋಗಿಬರುವ ರೋಧ ಸುಮಾರು ಏಳೂವರೆ ಓಂ. 0.4 ಆಂಪ್‌ಗೆ 3 ವೋಲ್ಟ್ ಬೀಳುತ್ತೆ, ಮೇಲೆ 21 ಸಿಗುತ್ತೆ, ಪರವಾಗಿಲ್ಲ. ಅಲ್ಯೂಮಿನಿಯಂದರಲ್ಲಿ 5 ವೋಲ್ಟ್ ಹತ್ತಿರ ಬಿದ್ದು 19ಕ್ಕೆ ನಿಲ್ಲುತ್ತೆ. ಬಳಕೆ ಕಮ್ಮಿ ಇದ್ದಾಗ ರೇಡಿಯೊ ನಡೆಯುತ್ತೆ, ಡೌನ್‌ಲೋಡ್ ಶುರುವಾದ ಕೂಡಲೇ ರೀಬೂಟ್ ಆಗೋ ಕಾಯಿಲೆ ಹುಟ್ಟೋದು ಇಲ್ಲಿಂದಲೇ.

ಕೇಬಲ್ ರೇಡಿಯೊ ಒಳಗೆ ಹೋಗುವ ಮುಂಚೆ ಒಂದು ಗೇಣು ಕೆಳಗೆ ಜೋಲು ಬಿಟ್ಟು ಮೇಲಕ್ಕೆ ತಿರುಗಿಸಿ. ಕೇಬಲ್ ಮೇಲೆ ಹರಿದು ಬಂದ ನೀರು ಜೋಲಿನ ತಳದಲ್ಲಿ ತೊಟ್ಟಿಕ್ಕುತ್ತೆ, ಪೋರ್ಟ್ ಕಡೆ ಹೋಗೋದಿಲ್ಲ. ಮನೆ ಗೋಡೆ ಹೊಗುವಲ್ಲೂ ಹೀಗೇ. ದಿಬ್ಬದಿಂದ ಮನೆವರೆಗೆ ಎಚ್‌ಡಿಪಿಇ ಪೈಪಿನೊಳಗೆ ಹಾಕಿ ಒಂದೂವರೆ ಅಡಿ ಆಳದಲ್ಲಿ ಹೂಳಿ. ಮೇಲೆ ನೇತುಹಾಕಿದರೆ ಮಂಗ ಬಿಡೋದಿಲ್ಲ. ಪೈಪಿನ ಎರಡೂ ಬಾಯಿ ಮುಚ್ಚಿ, ಇಲ್ಲದಿದ್ದರೆ ಇರುವೆ ಗೂಡು ಕಟ್ಟುತ್ತೆ.

ಸಿಡಿಲು: ದಿಬ್ಬದ ಮೇಲೆ ಒಂಟಿ ಕಬ್ಬಿಣದ ಕಂಬ ಅಂದರೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ನೇರ ಆಹ್ವಾನ. ಡಿಶ್‌ಗಿಂತ 1 ಮೀ. ಮೇಲೆ ಸರಳು, ಕಂಬದ ಬುಡದಿಂದ ಜಿಐ ಪಟ್ಟಿ ಅರ್ತ್ ಪಿಟ್‌ಗೆ. ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಒಣಗಿದರೆ ಅರ್ತ್ ಹಿಡಿಯೋದಿಲ್ಲ, ಗುಡುಗು ಬರೋದೂ ಅದೇ ಹೊತ್ತಿಗೆ. ಇದ್ದಲು-ಉಪ್ಪು ಅಥವಾ ಬೆಂಟೊನೈಟ್ ತುಂಬಿ. ಮಾರ್ಚಿನಿಂದ ವಾರಕ್ಕೆರಡು ಸಲ ಪಿಟ್‌ಗೆ ನೀರು ಹೊಯ್ಯಿರಿ.

ಎಲ್ಲಕ್ಕಿಂತ ಹೆಚ್ಚು ಜನ ತಪ್ಪುವ ಜಾಗ ಇದು: ಕಂಬಕ್ಕೆ ಒಂದು ಅರ್ತ್, ಮನೆಗೆ ಇನ್ನೊಂದು, ಎರಡಕ್ಕೂ ಸಂಬಂಧ ಇಲ್ಲ. ಹತ್ತಿರದಲ್ಲಿ ಸಿಡಿಲು ಬಿದ್ದಾಗ ದಿಬ್ಬದ ನೆಲಕ್ಕೂ ಮನೆಯ ನೆಲಕ್ಕೂ ಸಾವಿರಾರು ವೋಲ್ಟ್ ವ್ಯತ್ಯಾಸ ಏಳುತ್ತೆ. ಅವೆರಡನ್ನೂ ಜೋಡಿಸಿರೋದು ನಿಮ್ಮ ಇಥರ್ನೆಟ್ ಕೇಬಲ್ ಒಂದೇ ಆದ್ದರಿಂದ ಕರೆಂಟು ಅದರಲ್ಲೇ ಓಡಿ ರೇಡಿಯೊ, ಅಡಾಪ್ಟರ್, ರೌಟರ್, ಕ್ಯಾಮೆರಾ ರೆಕಾರ್ಡರ್ ಎಲ್ಲಾ ಒಟ್ಟಿಗೆ ಸುಡುತ್ತೆ. ಕೇಬಲ್ ಹೂಳೋ ಚರಂಡಿಯಲ್ಲೇ ಪೈಪಿನ ಹೊರಗೆ 8 ಗೇಜ್ ಜಿಐ ತಂತಿ ಹಾಸಿ ಎರಡೂ ಅರ್ತ್ ಕೂಡಿಸಿ. ಸರ್ಜ್ ಪ್ರೊಟೆಕ್ಟರ್ ಕಂಬದ ಬುಡದಲ್ಲಿ ಒಂದು, ಮನೆ ಹೊಗುವಲ್ಲಿ ಒಂದು, ನಾಲ್ಕೂ ಜೊತೆ ತಂತಿ ಕಾಯುವ ಗಿಗಾಬಿಟ್ ಮಾದರಿಯದ್ದೇ. ಇಷ್ಟಾದ ಮೇಲೂ ಜೋರು ಗುಡುಗಿಗೆ ಮನೆಯೊಳಗಿನ ಪ್ಲಗ್ ಕಿತ್ತಿಡಿ. ನೇರ ಹೊಡೆತಕ್ಕೆ ಯಾವ ಪ್ರೊಟೆಕ್ಟರೂ ಗ್ಯಾರಂಟಿ ಅಲ್ಲ.

ಕರೆಂಟ್ ಹೋದರೂ ಲಿಂಕ್ ಇರಬೇಕಾದರೆ ಎರಡೂ ಕಡೆ ಅಡಾಪ್ಟರ್, ರೌಟರ್ ಇನ್ವರ್ಟರ್ ಲೈನಿಗೆ ಹಾಕಿ. ಭಾವನವರ ಫೈಬರ್ ಪೆಟ್ಟಿಗೆಯನ್ನೂ ಸೇರಿಸಿ, ಅದನ್ನೇ ಮರೆಯೋದು ಜಾಸ್ತಿ.

---

ಡಿಬಿಎಂ

ಇನ್ನು ಜೋಡಿಸುವ ಹಂತ. ಎರಡೂ ರೇಡಿಯೊ ಮೇಜಿನ ಮೇಲೆ ಇಟ್ಟು ಪೂರ್ತಿ ಸೆಟ್ ಮಾಡಿ ಆಮೇಲೆ ಕಂಬಕ್ಕೆ ಏರಿಸಿ. ಹತ್ತಿರ ಇರುವಾಗ ಪವರ್ ಕನಿಷ್ಠಕ್ಕೆ ಇಳಿಸಿ. ಎರಡೂ ಕಡೆ ಬ್ರಿಡ್ಜ್ ಮೋಡ್ (ರೇಡಿಯೊ ಬರೀ ಉದ್ದನೆಯ ಕೇಬಲ್ ಥರ ಕೆಲಸ ಮಾಡೋ ಹಾಗೆ), ಐಪಿ ವಿಳಾಸ ಬೇರೆ ಬೇರೆ, ಭದ್ರತೆಗೆ ಡಬ್ಲ್ಯುಪಿಎ2, ಅಗಲ 40 ಮೆಗಾಹರ್ಟ್ಸ್. ಕಾರ್ಖಾನೆಯ ಪಾಸ್‌ವರ್ಡ್ ಅವತ್ತೇ ಬದಲಿಸಿ, ಫರ್ಮ್‌ವೇರ್ ಹೊಸದು ಹಾಕಿ. 2016ರ ಮೇನಲ್ಲಿ ಹಳೇ ಫರ್ಮ್‌ವೇರ್ ಇದ್ದ ಇಂಥ ರೇಡಿಯೊಗಳಿಗೆ ವರ್ಮ್ (ತಾನಾಗೇ ಹರಡುವ ವೈರಸ್) ಹರಡಿತ್ತು.

ಹೊಂದಿಸೋಕೆ ಎರಡೂ ಕಡೆ ಜನ ಬೇಕು, ಒಂದು ಸಲಕ್ಕೆ ಒಬ್ಬರೇ ಅಲ್ಲಾಡಿಸಬೇಕು. ತೋಟದಲ್ಲಿ ಸಿಗ್ನಲ್ ಇಲ್ಲದ ಕಾರಣ ಮಾತಾಡೋಕೆ ವಾಕಿಟಾಕಿ ಅಥವಾ ಮೊದಲೇ ಹೊತ್ತು ಗೊತ್ತು ಮಾಡಿಕೊಳ್ಳಿ. 25 ಡಿಬಿಐ ಡಿಶ್‌ನ ಬೀಮ್ ಹತ್ತು ಡಿಗ್ರಿ ಒಳಗೆ. ನಿಮ್ಮ ದೂರಕ್ಕೆ 1 ಡಿಗ್ರಿ ಅಂದರೆ ಆ ಕಡೆ 108 ಮೀ. ಮೊದಲು ಅಡ್ಡಲಾಗಿ ಎಡತುದಿಯಿಂದ ಬಲತುದಿವರೆಗೆ ನಿಧಾನ ತಿರುಗಿಸಿ. ನಡುವೆ ಒಂದು ದೊಡ್ಡ ಏರಿಕೆ, ಅಕ್ಕಪಕ್ಕ ಎರಡು ಸಣ್ಣ ಏರಿಕೆ ಸಿಗುತ್ತೆ. ಸಣ್ಣದಕ್ಕೇ ಸಿಕ್ಕಿಬಿದ್ದು ನಟ್ ಬಿಗಿ ಮಾಡಿದರೆ ಲೆಕ್ಕಕ್ಕಿಂತ 15-20 ಡಿಬಿ ಕಡಿಮೆ ತೋರಿಸುತ್ತೆ. ಆಮೇಲೆ ಮೇಲೆ-ಕೆಳಗೆ. ಎರಡು ತುದಿಗೆ 44 ಮೀ. ಎತ್ತರದ ವ್ಯತ್ಯಾಸ ಇದ್ದರೂ 6.2 ಕಿ.ಮೀ.ಗೆ ಅದು ಅರ್ಧ ಡಿಗ್ರಿಯೂ ಅಲ್ಲ. ಅಂದರೆ ಡಿಶ್ ಹೆಚ್ಚುಕಡಿಮೆ ಮಟ್ಟಸವಾಗೇ ಕಾಣಬೇಕು. ನಟ್‌ಗಳನ್ನು ಒಂದು ಈ ಕಡೆ ಒಂದು ಆ ಕಡೆ ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ವಾಲುತ್ತೆ.

ಪವರ್‌ಬೀಮ್ ಆದರೆ −60ರಿಂದ −66 ಒಳಗೆ ಬರಬೇಕು. ಎರಡು ಚೈನ್‌ಗಳ (ಒಂದೇ ರೇಡಿಯೊದೊಳಗಿನ ಎರಡು ಬೇರೆ ಸಿಗ್ನಲ್ ದಾರಿ) ವ್ಯತ್ಯಾಸ 3 ಡಿಬಿ ಒಳಗಿರಲಿ. ಒಂದೇ ಚೈನ್ ತುಂಬ ಕಡಿಮೆ ಇದ್ದರೆ ಹೊಂದಾಣಿಕೆ ತಪ್ಪಿದೆ, ಅಡ್ಡ ಏನೋ ಇದೆ ಅಥವಾ ಫೀಡ್ (ಡಿಶ್ ಮುಂದಿನ ಸಣ್ಣ ಆಂಟೆನಾ) ಒಳಗೆ ನೀರು ಹೋಗಿದೆ.

ಚಾನೆಲ್ ಆಯ್ಕೆಗೆ ಎರಡೂ ಕಡೆ ಸ್ಕ್ಯಾನ್ ಮಾಡಿ. ತೋಟದಲ್ಲಿ ಎಲ್ಲಾ ಖಾಲಿ ಕಾಣುತ್ತೆ, ಗದ್ದಲ ಇರೋದು ಪೇಟೆ ಕಡೆ. ಕೇಳೋ ಕಿವಿ ಅಲ್ಲೂ ಇರೋದರಿಂದ ಅಲ್ಲಿನ ಸ್ಕ್ಯಾನ್ ನೋಡಿ ತೀರ್ಮಾನಿಸಿ. ಇದು ಸ್ವಂತ ಬಳಕೆಗೆ ಮಾತ್ರ. ಅಕ್ಕಪಕ್ಕದ ತೋಟಗಳಿಗೆ ದುಡ್ಡಿಗೆ ಹಂಚುವುದಾದರೆ ಐಎಸ್‌ಪಿ (ಇಂಟರ್ನೆಟ್ ಸೇವೆ ಕೊಡುವವರ) ಪರವಾನಗಿ ಬೇಕಾಗುತ್ತೆ.

---

ತುಂಗಾತೀರ

ಎಲ್ಲಾ ಬರೆದುಕೊಂಡೆ. ಮೊದಲು ಕನ್ನಡಿ ಪರೀಕ್ಷೆ, ಆಮೇಲೆ ಕಂಬ ಮತ್ತು ಅರ್ತ್ ಪಿಟ್, ರೇಡಿಯೊ ಕೊನೆಗೆ ತರ್ತೀನಿ. ಮಳೆ ಹಿಡಿಯೋ ಮೊದಲು ಇನ್ನೇನಾದರೂ ನೋಡಿಕೊಳ್ಳೋದು ಇದೆಯಾ ಸರ್?

---

ಮಲೆನಾಡ್_ಲಿಂಕ್

ಲಿಂಕ್ ಕಟ್ಟಿದ ದಿನ ಎರಡೂ ಕಡೆಯ ಸಿಗ್ನಲ್, ಎರಡೂ ಚೈನ್, ಗದ್ದಲದ ಮಟ್ಟ, ಚಾನೆಲ್, ಕಂಬದ ಬುಡದಲ್ಲಿ ಸಿಗುವ ವೋಲ್ಟ್ ಒಂದು ಚೀಟಿಯಲ್ಲಿ ಬರೆದು ಅಡಾಪ್ಟರ್ ಪಕ್ಕ ಅಂಟಿಸಿ. ಜುಲೈನಲ್ಲಿ ಅದನ್ನೇ ಇಟ್ಟುಕೊಂಡು ಹೋಲಿಸಿ. ಎರಡೂ ಚೈನ್ ಒಟ್ಟಿಗೆ 5-6 ಡಿಬಿ ಇಳಿದು ಬಿಸಿಲು ಬಿದ್ದಾಗ ವಾಪಸ್ ಬಂದರೆ ಗುಡ್ಡದ ಎಲೆ. ಗಾಳಿ ಬಂದ ದಿನದಿಂದ ಇಳಿದು ಅಲ್ಲೇ ನಿಂತರೆ ಡಿಶ್ ತಿರುಗಿದೆ, ಸ್ಟೇ ವೈರ್ ನೋಡಿ. ಸಿಗ್ನಲ್ ಸರಿಯಿದ್ದು ಇಥರ್ನೆಟ್ 1000 ಬದಲು 100 ತೋರಿಸಿದರೆ ಯಾವುದೋ ಕ್ರಿಂಪ್‌ಗೆ (ಕೇಬಲ್ ತುದಿಯ ಪ್ಲಗ್ ಜೋಡಣೆ) ನೀರು ಇಳಿದಿದೆ. ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಬೇಕಾಗುತ್ತೆ, ಅದಕ್ಕೆ ಕಂಬದ ಬುಡದ ಡಬ್ಬಿಯಲ್ಲಿ ಎರಡು ಅಡಿ ಕೇಬಲ್ ಸುತ್ತಿ ಬಿಟ್ಟಿರಿ.